ಮುಂಡರಗಿ ಬಸ್ಸಿನ ಬುತ್ತಿ

ಒಂದು ಮಾಸಪತ್ರಿಕೆಯ ಸಂಪಾದಕರು ನನ್ನ ಎರಡು ಪ್ರಸ್ತಾವಗಳನ್ನು ಆಗಲೇ ಬೇಡವೆಂದಿದ್ದರು. ಬೆಟಗೇರಿಯಲ್ಲಿ ಕೂತು ಫ್ರೀಲಾನ್ಸ್ ಬರೆಯುವ ನನಗೋ, ಎಂಟು ಪುಟದ ಒಂದು ದೀರ್ಘ ಬರಹ ಅದರಲ್ಲೇ ಬರಬೇಕೆಂಬ ಹಟ. ಹಳ್ಳಿಯ ತಾಯಂದಿರು ಗದಗಿನಲ್ಲಿ ಓದುವ ಮಕ್ಕಳಿಗೆ ದಿನಾ ಬಸ್ಸಿನಲ್ಲಿ ಬುತ್ತಿ ಕಳಿಸುವುದರ ಬಗ್ಗೆ ಬರೆಯುತ್ತೇನೆಂದು ಮತ್ತೊಂದು ಮೇಲ್ ಹಾಕಿದೆ. ಈ ಸಲ ಅವರೇ ಫೋನ್ ಮಾಡಿದರು.

"ವಿಷಯ ಚೆನ್ನಾಗಿದೆ. ಆದ್ರೆ ಇದು ಯಾರ ಕಥೆ? ನಾಳೆ ಸಂಜೆಯೊಳಗೆ ಹೇಳಿ, ಇಲ್ಲಾಂದ್ರೆ ಆ ಪುಟ ಬೇರೆಯವರಿಗೆ ಕೊಡ್ತೀನಿ."

ಮೈಯೆಲ್ಲ ಉರಿಯಿತು. ಎಸಿಯಲ್ಲಿ ಕೂತವರಿಗೆ ಹೇಳುವುದಕ್ಕೇನು ಎಂದು ಬೈದುಕೊಂಡೆ. ಆದರೆ ಅವರು ಹೇಳಿದ್ದು ಖರೆ. ನನ್ನ ಇ-ಮೇಲ್ ತುಂಬ ಡಬ್ಬಿಗಳಿದ್ದವು, ಮನುಷ್ಯರೇ ಇರಲಿಲ್ಲ. ಮರುದಿನ ನಸುಕಿನಲ್ಲೇ ಮುಂಡರಗಿ ಬಸ್ಸು ಹತ್ತಿ ಡಂಬಳದ ಆಚೆಗಿನ ಒಂದು ಊರಿನಲ್ಲಿ ಇಳಿದೆ. ಊರ ಹೆಸರು ಹೇಳುವುದಿಲ್ಲ.

ಗದಗಿಗೆ ಹೋಗುವ ಬಸ್ಸು ಬಂತು. ನನ್ನಕ್ಕನ ವಯಸ್ಸಿನ ಒಬ್ಬರು ಓಡಿಬಂದು, ಅರಿವೆಯಲ್ಲಿ ಕಟ್ಟಿದ ಡಬ್ಬಿಯನ್ನು ಕಂಡಕ್ಟರ್ ಕೈಗೆ ಕೊಟ್ಟರು. ಬಸ್ಸು ಹೋದ ಮೇಲೆ ಮಾತಾಡಿಸಿದೆ.

"ಮಗನೋ ಮಗಳೋ, ಏನ್ ಓದಾಕತ್ತಾರ್ರಿ ಅಕ್ಕಾರ?"

"ಮಗಳ್ರಿ. ಆಕಿ ಓದಿ ಮುಗಿಸಿ ಹುಬ್ಬಳ್ಳ್ಯಾಗ ನೌಕರಿಗೆ ಸೇರಿ ವರ್ಷ ಆತ್ರಿ."

"ಮತ್ತ ಬುತ್ತಿ ಯಾರಿಗ್ರಿ?"

"ಗೊತ್ತಿಲ್ರಿ."

ಮಗಳು ನೌಕರಿಗೆ ಹೋದ ಮರುದಿನವೂ ಅಕ್ಕ ರೂಢಿಯಂತೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಬಸ್ಸಿಗೆ ಕೊಟ್ಟುಬಿಟ್ಟಿದ್ದರಂತೆ. ಬಸ್ಸು ಹೋದ ಮೇಲೆ ನೆನಪಾಯಿತಂತೆ. ಆದರೆ ಸಂಜೆ ಡಬ್ಬಿ ಚೊಕ್ಕ ತೊಳೆದು ವಾಪಸ್ ಬಂತು. ಒಳಗೆ ಒಂದಿಷ್ಟು ಸಕ್ಕರೆ. ಇನ್ನೊಬ್ಬರ ಮನೆಯ ಡಬ್ಬಿಯನ್ನು ನಮ್ಮ ಕಡೆ ಬರಿದಾಗಿ ಮರಳಿಸುವುದಿಲ್ಲ. ಕಂಡಕ್ಟರೇ ಉಣ್ಣುತ್ತಿರಬಹುದು ಎಂದು ಚೇಷ್ಟೆ ಮಾಡಿದೆ.

"ಆತಗ ಸಕ್ಕರಿ ಹಾಕು ಬುದ್ಧಿ ಎಲ್ಲೈತ್ರಿ," ಎಂದು ಅಕ್ಕ ನಕ್ಕರು. "ಓದೂ ಮಕ್ಕಳ ಪೈಕಿ ಯಾರೋ ಇರಬೇಕು. ಸಕ್ಕರಿ ಹಾಕಿ ಕಳಿಸಿದವರಿಗೆ ಮರುದಿನ ಬುತ್ತಿ ಹೆಂಗ ನಿಂದ್ರಸಲಿ?"

ಅಲ್ಲಿಂದಲೇ ಸಂಪಾದಕರಿಗೆ ಫೋನ್ ಹಚ್ಚಿ ಉಸಿರು ಬಿಡದೆ ಹೇಳಿದೆ. ಅವರ ದನಿಯೂ ಏರಿತು. "ಉಣ್ಣೋರನ್ನ ಹುಡುಕಿ. ಸಿಕ್ಕಿದ್ರೆ ಎಂಟು ಪುಟ ನಿಮ್ಮದು."

ಕುಣಿಯುವುದೊಂದು ಬಾಕಿ. ಗದಗ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಇಳಿಸುವ ಚಹಾದಂಗಡಿ ಮುಂದೆ ಒಂದು ತಾಸು ನಿಂತರೆ ಆಯಿತು. ಹಾಗೆಂದು ಅಕ್ಕನಿಗೆ ಹೇಳಿದ್ದೇ ತಡ, ಅವರ ಮುಖ ಇಳಿಯಿತು.

"ಹುಡುಕಬ್ಯಾಡ್ರಿ. ಮಂದಿ ಬುತ್ತಿ ಉಂಡೆ ಅಂತ ಆ ಕೂಸು ನಾಚಿ, ನಾಳಿಂದ ಉಪಾಸ ಕುಂತೀತು."

"ನಿಮಗ ನೋಡಬೇಕು ಅನಸಂಗಿಲ್ಲೇನ್ರಿ?"

"ನೋಡೂದೇನ್ ಬ್ಯಾಡ್ರಿ. ಒಂದ ಮಾತು ಕೇಳೂದೈತಿ. ನನ್ನ ಮಗಳಿಗೆ ಖಾರ ಭಾಳ ಬೇಕಿತ್ತು, ಈಗೂ ಅಷ್ಟ ಹಾಕಾಕತ್ತೀನಿ. ಆ ಕೂಸಿಗೆ ಹೆಚ್ಚಾಗತೈತೇನೋ."

ಮತ್ತೆ ಫೋನ್ ಹಚ್ಚಿ ಆ ಮಾತನ್ನು ಇದ್ದಂತೆ ಹೇಳಿದೆ. "ಸರ್, ಕಥಿ ಇವರದು. ಉಣ್ಣೋರನ್ನ ನಾ ಹುಡುಕಂಗಿಲ್ಲ. ಬ್ಯಾಡಂದ್ರ ಪುಟ ಬ್ಯಾರೆದವರಿಗೆ ಕೊಡ್ರಿ."

"ಬರೀರಿ," ಎಂದರು ಸಂಪಾದಕರು. "ಆ ಮಗು ಊಟ ಮಾಡ್ಲಿ ಬಿಡಿ."