ಗದಿಗೆಪ್ಪನವರ ಬಕೆಟ್ಟಿನ ಅತಿಥಿ

ಅಮೆರಿಕದ ಬ್ರಿಡ್ಜ್‌ವಾಟರ್‌ನಲ್ಲಿ ನಮ್ಮ ಪಕ್ಕದ ಮನೆಯ ಗದಿಗೆಪ್ಪನವರಿಗೆ ಮೀನು ಹಿಡಿಯುವ ಹುಚ್ಚು. ತಿನ್ನುವುದಿಲ್ಲ, ಅಪ್ಪಟ ಸಸ್ಯಾಹಾರಿ. ಗಾಳಕ್ಕೂ ಜೋಳದ ಹಿಟ್ಟಿನುಂಡೆಯೇ ಆಗಬೇಕು, ಎರೆಹುಳು ಮುಟ್ಟಿದರೆ ಮೈಲಿಗೆಯಂತೆ! ಸಿಕ್ಕ ಮೀನನ್ನು ಕೂಡಲೇ ಬಿಡುವುದೂ ಇಲ್ಲ. ಬಕೆಟ್ಟಿನ ನೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿಕೊಂಡು, ರೊಟ್ಟಿ ಚೂರು ಹಾಕಿ, ಆಮೇಲೆ ಬೀಳ್ಕೊಡುತ್ತಾರೆ.

"ಬಂದಾವ್ರನ್ನ ಹಂಗ ಕಳಸಬಾರದ್ರಿ, ಮಾಧವಿಯವ್ರ" ಎಂದು ನನಗೇ ಬುದ್ಧಿ ಹೇಳುತ್ತಾರೆ. ಕರ್ಮ!

ಹೆಂಡತಿ ತೀರಿಕೊಂಡ ಮೇಲೆ ಮಗಳು ಸನ್ನಿಧಿಯನ್ನು ಒಬ್ಬರೇ ಸಾಕಿದರು. ಅವಳು ಮದುವೆಯಾಗುತ್ತೇನೆಂದು ಕರೆತಂದ ಇಬ್ಬರು ಹುಡುಗರನ್ನು ಚಹಾ ಆರುವ ಮೊದಲೇ ಓಡಿಸಿದರು. ಒಬ್ಬ ಶೂ ಬಿಚ್ಚಲಿಲ್ಲ, ಇನ್ನೊಬ್ಬ ತಟ್ಟೆಯಲ್ಲಿ ರೊಟ್ಟಿ ಬಿಟ್ಟ. ಜೂನ್ ತಿಂಗಳ ಆ ಭಾನುವಾರ ಮೂರನೆಯವನು, ಶ್ರೀಹರ್ಷ, ಊಟಕ್ಕೆ ಬಂದಿದ್ದ. ನನ್ನನ್ನೂ ಕರೆದಿದ್ದರು.

"ಆಂಟಿ, ಇವನನ್ನೂ ಓಡಿಸಿದ್ರೆ ನಾನೂ ಹೋಗ್ತೀನಿ. ಐ ಆ್ಯಮ್ ಸೀರಿಯಸ್" ಎಂದು ಸನ್ನಿಧಿ ನನ್ನ ಮುಂದೆ ಅತ್ತಿದ್ದಳು.

ಊಟದ ಹೊತ್ತಾದರೂ ಯಜಮಾನರು ನಾಪತ್ತೆ. ನಾವು ಮೂವರೂ ಮನೆಯ ಹಿಂದಿನ ಕೆರೆಗೆ ಹೋದೆವು. ರೇಷ್ಮೆ ಅಂಗಿ ತೊಟ್ಟ ಮನುಷ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ಬಗ್ಗಿ ಕೈ ಬೀಸುತ್ತಿದ್ದಾರೆ!

"ದೂರ ನಿಲ್ರಿ! ತತ್ತಿ ಅದಾವ ಇಲ್ಲಿ!"

ಆದದ್ದಿಷ್ಟು. ಗಾಳಕ್ಕೆ ಅಂಗೈಯಗಲದ ಸನ್‌ಫಿಶ್ ಬಿದ್ದಿತ್ತು. ಈ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಬಿಡುತ್ತದೆ. ಗಂಡು ತಾನು ಬಾಲದಿಂದ ತೋಡಿದ ಗುಳಿಯ ಮೇಲೆ ನಿಂತು, ಮೊಟ್ಟೆಗೆ ರೆಕ್ಕೆಯಿಂದ ನೀರು ಬೀಸುತ್ತ, ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಗಾಳವನ್ನೂ ಹಸಿವಿಗಲ್ಲ, ಸಿಟ್ಟಿಗೆ ಕಚ್ಚಿದೆ. ಅದು ಬಕೆಟ್ಟಿನಲ್ಲಿ ಉಪಚಾರ ಮಾಡಿಸಿಕೊಳ್ಳುವಾಗ ಉಳಿದ ಮೀನುಗಳು ಮೊಟ್ಟೆಗೆ ಮುಗಿಬಿದ್ದಿವೆ. ಇವರು ಓಡಿಹೋಗಿ ಕಾವಲು ನಿಂತಿದ್ದಾರೆ. ಬಕೆಟ್ ತರಲು ಹೋದರೆ ಮೊಟ್ಟೆ ಉಳಿಯುವುದಿಲ್ಲ. ಹೋಗದಿದ್ದರೆ ಮೊಟ್ಟೆಗಳ ಅಪ್ಪ ದಡದ ಮೇಲಿನ ಬಕೆಟ್ಟಿನಲ್ಲೇ.

"ಡ್ಯಾಡ್, ಇಟ್ಸ್ ಜಸ್ಟ್ ಎ ಫಿಶ್!"

"ಅವುಗಳ ಅಪ್ಪನ್ನ ನಾ ಹಿಡದೀನವಾ. ಈಗ ನಾನ ಕಾಯಬೇಕು."

ಮುಗಿಯಿತು ಈ ಸಂಬಂಧವೂ, ಎಂದುಕೊಂಡೆ. ಶ್ರೀಹರ್ಷ ಶೂ ಬಿಚ್ಚಿದ. ಬಕೆಟ್ ಎತ್ತಿಕೊಂಡು ಇಸ್ತ್ರಿ ಪ್ಯಾಂಟಿನಲ್ಲೇ ನೀರಿಗಿಳಿದು ಮೀನನ್ನು ಬಿಟ್ಟ. ಉಪಕಾರಸ್ಮರಣೆಯಿಲ್ಲದ ಪ್ರಾಣಿ ನೆಟ್ಟಗೆ ಬಂದು ಅವನ ಪಾದಕ್ಕೇ ಬಾಯಿ ಹಾಕಿತು. ಮತ್ತೆ ಹಾಕಿತು. ಹುಡುಗ "ಅಯ್ಯಮ್ಮಾ!" ಎಂದನೇ ಹೊರತು ಅಲುಗಾಡಲಿಲ್ಲ.

"ಸರಿಯೋ ತಮ್ಮಾ, ಯಾಕ ನಿಂತಿ?"

"ಕಾಲೆತ್ತಿದ್ರೆ ಕೆಸರು ಏಳತ್ತೆ ಅಂಕಲ್. ಮೊಟ್ಟೆ ಮುಚ್ಚಿಹೋಗತ್ತೆ."

ಗದಿಗೆಪ್ಪನವರು ಅವನ ಮುಖವನ್ನೇ ನೋಡಿದರು. ಕೈ ಬೀಸುವುದು ನಿಂತಿತು. ಕೆಸರೇಳದಂತೆ ಕಾಲು ಜಾರಿಸುತ್ತ, ತಾವು ಮೊದಲು ದಡ ಹತ್ತಿದರು.

"ಇವಗ ಇನ್ನೆರಡ ರೊಟ್ಟಿ ಬಡೀತೀನಿ" ಎಂದರು ಮಗಳಿಗೆ. "ನೀವಿಬ್ರೂ ನಿಧಾನಕ್ಕ ಬರ್ರಿ."