ತಾಯಿ ಬೆಕ್ಕು ಗುರ್ ಎನ್ನುವವರೆಗೆ

ನಮ್ಮ ಮನೆಯ ಬೆಕ್ಕಿನ ಮರಿಗಳಿಗೆ ಸುತ್ತಲ ಊರುಗಳಲ್ಲೆಲ್ಲ ಬೇಡಿಕೆ ಇತ್ತು. ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯ ಹಳ್ಳಿ ನಮ್ಮದು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆಗಳೇ ಹೆಚ್ಚು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಇಲಿಗಳು ಹುಳುವಿನ ತಟ್ಟೆಗೆ ಇಳಿದುಬಿಟ್ಟರೆ ಮನೆಮಂದಿಯೆಲ್ಲ ನಿದ್ದೆಗೆಟ್ಟು ದುಡಿದದ್ದು ಮಣ್ಣುಪಾಲು. ಹಾಗಾಗಿ ಬೆಕ್ಕನ್ನು ನಾವು ಮುದ್ದಿಗೆ ಸಾಕುತ್ತಿರಲಿಲ್ಲ. ಅದೂ ಮನೆಯಲ್ಲಿ ದುಡಿಯುವ ಒಂದು ಜೀವ. ಮರಿ ಹಾಕಿತೆಂದು ಗೊತ್ತಾದರೆ ಸಾಕು, ಅವು ಕಣ್ಣು ಬಿಡುವ ಮೊದಲೇ ‘ನಮಗೊಂದು ಇರಲಿ’ ಎಂದು ಹೇಳಿಹೋಗುವವರು ಬರುತ್ತಿದ್ದರು.

ಕೊಡುವ ಅಧಿಕಾರ ಅಜ್ಜಿಯದು. ಅಪ್ಪನ ತಾಯಿ ಅವಳು, ಪುಂಗನೂರು ಕಡೆಯಿಂದ ಬಂದವಳು. ನಮ್ಮ ಜೊತೆ ಕನ್ನಡ, ಬೆಕ್ಕಿನ ಜೊತೆ ಮಾತ್ರ ತೆಲುಗು. ಸೊಸೆಗೆ ಸಿಗದ ಅಕ್ಕರೆಯೆಲ್ಲ ಆ ತೆಲುಗಿನಲ್ಲಿ ಸುರಿಯುತ್ತಿತ್ತು. ಮರಿ ಒಯ್ಯಲು ಯಾರೇ ಬರಲಿ, ಅವಳ ಕಟ್ಟಳೆ ಒಂದೇ. ಮರಿ ತಾನಾಗಿ ಮುದ್ದೆಯ ಚೂರು ತಿನ್ನಬೇಕು, ಬೂದಿ ಕೆದಕಿ ತನ್ನ ಹೊಲಸನ್ನು ತಾನೇ ಮುಚ್ಚಬೇಕು. ಅಷ್ಟಾದರೂ ಸಾಲದು. ಹಾಲಿಗೆ ಹೋದ ಮರಿಯನ್ನು ತಾಯಿಯೇ ಗುರ್ ಎಂದು ಪಂಜದಿಂದ ಆಚೆ ತಳ್ಳಬೇಕು.

“ಅದರಮ್ಮನೇ ತಳ್ಳೋವರೆಗೂ ನಾನು ಕೊಡಲ್ಲ. ಅದಕ್ಕೂ ಮುಂಚೆ ತಗೊಂಡೋದ್ರೆ ಮರಿ ಕೂಗಿ ಕೂಗಿ ಸಾಯ್ತದೆ” ಎನ್ನುತ್ತಿದ್ದಳು. ಊರಿನ ಪಟೇಲರ ಮನೆಯವರನ್ನೂ ಬರಿಗೈಯಲ್ಲಿ ಕಳಿಸಿದ್ದಳು.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಹೊಗೆಗೆ ಮುಖವೆಲ್ಲ ಕಪ್ಪಾಗಿ ಶ್ರೀನಿವಾಸಪುರದಿಂದ ಚಿಕ್ಕಮ್ಮ ಬಂದಳು, ಅಮ್ಮನ ಒಡಹುಟ್ಟಿದ ತಂಗಿ. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಗಂಡನಿಗೆ ಇನ್ನೊಂದು ಮದುವೆ ಮಾಡುವ ಮಾತು ಅತ್ತೆಮನೆಯಲ್ಲಿ ಆಗಲೇ ಎದ್ದಿತ್ತು. ತಮ್ಮ ಹುಳುಮನೆಗೆ ಬೆಕ್ಕಿನ ಮರಿ ಬೇಕೆಂದು ಬಂದವಳು, ಅಮ್ಮನ ಮಂಡಿಯ ಮೇಲೆ ತಲೆಯಿಟ್ಟು ಅಳುತ್ತಾ ಇನ್ನೊಂದನ್ನೂ ಕೇಳಿದಳು.

“ಅಕ್ಕಾ, ನಿಂಗೆ ನಾಲ್ಕಿದಾವೆ. ಚಿಕ್ಕದನ್ನ ನಂಗೆ ಕೊಡು. ಒಂದು ಮಗು ಅಂತ ಮನೇಲಿದ್ರೆ ಅವರ ಬಾಯಿ ಮುಚ್ತದೆ.”

ನಾವು ನಾಲ್ವರೂ ಹೆಣ್ಣುಮಕ್ಕಳು. ಅಪ್ಪ ಬೇಗ ಒಪ್ಪಿದ. ಇಷ್ಟು ಬೇಗ ಒಪ್ಪಬಹುದೇ ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಅಮ್ಮ ಎರಡು ದಿನ ಊಟ ಬಿಟ್ಟು, ತಂಗಿಯ ಮುಖ ನೋಡಿ, ಕೊನೆಗೆ ಹೂಂ ಎಂದಳು. ಬೆಕ್ಕಿನ ಮರಿ ಇನ್ನೂ ಹಾಲು ಬಿಟ್ಟಿರಲಿಲ್ಲ. ಈ ಹುಳು ಗೂಡು ಕಟ್ಟಿದ ಮೇಲೆ ಬಾ, ಎರಡನ್ನೂ ಒಟ್ಟಿಗೇ ಕರೆದುಕೊಂಡು ಹೋಗು ಎಂದು ಚಿಕ್ಕಮ್ಮನನ್ನು ಕಳಿಸಿದರು.

ಕೊನೆಯ ತಂಗಿಗೆ ಆಗ ಮೂರು ತುಂಬಿತ್ತು. ಅಮ್ಮನ ತಾಳಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅಂಟು ಗೋಂದು ಎಂದು ನಾವು ರೇಗಿಸುತ್ತಿದ್ದೆವು.

ಒಂದು ಬೆಳಗ್ಗೆ ಅಮ್ಮ ಸೊಪ್ಪಿನ ಕುಕ್ಕೆ ಹೊತ್ತು ಒಳಗೆ ಬರುವಾಗ ಬೆಕ್ಕು ಮರಿಯನ್ನು ಗದರಿತು. ಮರಿ ಮತ್ತೆ ಹೊಟ್ಟೆಗೆ ಮೂತಿ ತೂರಿಸಿದಾಗ ಪಂಜದಿಂದ ಹೊಡೆಯಿತು. ಮರಿ ತುಸು ದೂರ ಹೋಗಿ ಕೂತು, ಅತ್ತು ಕರೆಯದೆ, ತಿರುಗಿ ಮುದ್ದೆಯ ತಟ್ಟೆಗೆ ಬಂದಿತು. ಅಮ್ಮ ಕುಕ್ಕೆಯನ್ನು ಇಳಿಸುವುದನ್ನೂ ಮರೆತು ಅದನ್ನೇ ನೋಡುತ್ತಾ ನಿಂತಿದ್ದಳು.

ಅಂದಿನಿಂದ ನಮ್ಮ ಅಮ್ಮ ನಮ್ಮ ಅಮ್ಮನಾಗಿ ಉಳಿಯಲಿಲ್ಲ. ಮಗು ಸೆರಗು ಹಿಡಿದರೆ “ಹೋಗೇ ಆಚೆ” ಎಂದು ಕಿತ್ತುಕೊಳ್ಳುವಳು. ಮಲಗಲು ಬಂದರೆ ಎತ್ತಿ ನನ್ನ ಮಗ್ಗುಲಿಗೆ ಹಾಕುವಳು. ಒಮ್ಮೆ ದಾರಕ್ಕೆ ಕೈಹಾಕಿದ್ದಕ್ಕೆ ಪಟಾರನೆ ಬಾರಿಸಿದಳು. ಮಗು ಮೊದಮೊದಲು ರಂಪ ಮಾಡಿತು. ಆಮೇಲೆ ಅಮ್ಮ ಬರುವ ಸದ್ದಾದರೆ ಒನಕೆಯ ಮೂಲೆಗೆ ಸರಿದು ನಿಲ್ಲುವುದನ್ನು ಕಲಿಯಿತು.

ಅಮ್ಮ ಹುಳುಮನೆಗೆ ಹೋಗಿ ಅಳುತ್ತಿದ್ದಳು. ಹುಳು ಸೊಪ್ಪು ಮೇಯುವ ಸದ್ದಿನಲ್ಲಿ ತನ್ನ ಅಳು ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದಳೇನೋ. ಕೇಳುತ್ತಿತ್ತು.

“ಯಾಕಮ್ಮ ಅದನ್ನ ಹಂಗೆ ಹೊಡೀತೀಯ?” ಎಂದು ನಾನು ಜಗಳಕ್ಕೇ ನಿಂತೆ.

“ನನ್ನ ಕಂಡ್ರೆ ಬೇಜಾರಾದ್ರೆ ಮಗು ಚಿಕ್ಕಮ್ಮನ ಮನೇಲಿ ಅಳಲ್ಲ ಕಣೇ. ಬೆಕ್ಕು ಹೆಂಗೆ ಬಿಡಿಸ್ತು, ನೀನು ನೋಡ್ಲಿಲ್ವಾ?” ಎಂದಳು.

ಗೂಡು ಬಿಡಿಸಿದ ವಾರದಲ್ಲಿ ಚಿಕ್ಕಮ್ಮ ಬಂದಳು. ದಾರಿ ನೋಡಿದರೆ ಬೆಕ್ಕು ವಾಪಸು ಬಂದುಬಿಡುತ್ತದೆಂದು ಅಜ್ಜಿ ಮರಿಯನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ತಂಗಿಗೆ ಹೊಸ ಲಂಗ ಹಾಕಿದರು. ಅವಳು ಚಿಕ್ಕಮ್ಮನ ಬೆರಳು ಹಿಡಿದು ಹೊರಟೇಬಿಟ್ಟಳು. ಅಳಲಿಲ್ಲ, ಹಿಂದಕ್ಕೂ ನೋಡಲಿಲ್ಲ. ಎಷ್ಟು ಜಾಣೆ ಎಂದು ಬೀದಿಯವರು ಹೊಗಳಿದರು. ಜಾಣೆಯಂತೆ, ಹಾಳಾದವರು! ನಾನು ಬಸ್ಸಿನವರೆಗೆ ಚೀಲ ಹೊತ್ತು ಹೋಗಿದ್ದೆ. ಬಸ್ಸಿನಲ್ಲಿ ಅದನ್ನು ಅವಳ ಪಕ್ಕ ಇಟ್ಟಾಗ ಅವಳು ಬಗ್ಗಿ ಚೀಲದೊಳಗಿನ ಮರಿಯನ್ನು ಕೇಳಿದಳು: “ನಿಮ್ಮಮ್ಮಾನೂ ಬೈದ್ಲಾ?”

ಮನೆಗೆ ಬಂದು ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಸಂಜೆ ತಾಯಿ ಬೆಕ್ಕು ಮರಿ ಮಲಗುತ್ತಿದ್ದ ಜಾಗವನ್ನು ಮೂಸಿತು, ಮೈ ನೆಕ್ಕಿಕೊಂಡಿತು, ತಿಂದು ಮಲಗಿತು. ಅಮ್ಮ ಗೋಡೆಗೆ ಒರಗಿ ಅದನ್ನೇ ದಿಟ್ಟಿಸುತ್ತಿದ್ದಳು. “ಇದಕ್ಕೆ ಹೆಂಗೆ ನಿದ್ದೆ ಬರ್ತದೆ ಅತ್ತೆ? ನಾನೂ ಇದು ಮಾಡಿದಂಗೇ ಮಾಡಿದ್ನಲ್ಲ” ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಪಕ್ಕದಲ್ಲಿ ಕೂತು ಸೊಸೆಯ ತಲೆ ನೇವರಿಸುತ್ತಾ “ಏಡವಕು ತಲ್ಲೀ, ಏಡವಕು” ಎಂದಳು. ಅಳಬೇಡ ಎಂದು ಅವಳು ಅಮ್ಮನಿಗೆ ತೆಲುಗಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮನ ಅಳು ಇನ್ನೂ ಜೋರಾಯಿತು.

ಯುಗಾದಿಗೆ ಚಿಕ್ಕಮ್ಮ ತಂಗಿಯನ್ನು ಕರೆತರುತ್ತೇನೆಂದು ಹೇಳಿಕಳಿಸಿದಳು. ಇನ್ನು ಬಯ್ಯುವ ಕೆಲಸವಿಲ್ಲವಲ್ಲ, ಅಮ್ಮನ ಮುಖಕ್ಕೆ ಕಳೆ ಬಂದಿತು. ಬೆಳಗಿನಿಂದ ಒಬ್ಬಟ್ಟು ತಟ್ಟುತ್ತಾ, ಬಾಗಿಲ ಕಡೆ ನೋಡುತ್ತಾ, ಹೂರಣವನ್ನೆಲ್ಲ ಸೀಯಿಸಿಕೊಂಡು ಅಜ್ಜಿಯಿಂದ ಬೈಸಿಕೊಂಡಳು. ತಂಗಿ ಮೈ ತುಂಬಿಕೊಂಡಿದ್ದಳು, ಜಡೆ ಬಂದಿತ್ತು. ಹೊಸ್ತಿಲು ದಾಟಿ ನಡುಮನೆಗೆ ಬಂದು ನಿಂತಳು. ಅಮ್ಮ ಹಿಟ್ಟಿನ ಕೈಯಲ್ಲೇ ಎದ್ದು, ನಗುತ್ತಾ, ಎರಡೂ ತೋಳು ಚಾಚಿ ಅವಳತ್ತ ಓಡಿದಳು.

ತಂಗಿ ಮೊಣಕೈಯಿಂದ ಮುಖ ಮುಚ್ಚಿಕೊಂಡಳು. ಹಾಗೇ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬೆನ್ನು ತಾಗಿಸಿ, “ಬಯ್ಬೇಡ ದೊಡ್ಡಮ್ಮ, ನಾನೇ ಹೋಗ್ತೀನಿ” ಎಂದಳು.