ಹಳೇ ಎಲೆಯೋ, ಹೊಸ ಎಲೆಯೋ

ನನ್ನನ್ನು ‘ಎಲೆ ಡಾಕ್ಟರ್’ ಎಂದು ಕರೆಯಲು ಶುರುಮಾಡಿದ್ದು ತಮಾಷೆಗೆ. ಅದನ್ನು ಗಂಭೀರವಾಗಿ ತೆಗೆದುಕೊಂಡವನು ನಾನೊಬ್ಬನೇ.

ದೋಹಾದ ಸುತ್ತಮುತ್ತ ಮನೆಯೊಳಗೆ ಗಿಡ ಬೆಳೆಸುವ ಕನ್ನಡಿಗರದ್ದೊಂದು ವಾಟ್ಸ್ಯಾಪ್ ಗುಂಪಿದೆ. ಅದರ ಅಡ್ಮಿನ್ ನಾನು. ಬೇಸಿಗೆ ಬಂತೆಂದರೆ ಇಲ್ಲಿ ಬಾಲ್ಕನಿಯಲ್ಲಿಟ್ಟ ಗಿಡ ಹಪ್ಪಳವಾಗುತ್ತದೆ. ಹಾಗಾಗಿ ಕರಿಬೇವು, ತುಳಸಿ, ದೊಡ್ಡಪತ್ರೆ, ವೀಳ್ಯದೆಲೆ ಬಳ್ಳಿ ಎಲ್ಲವೂ ಒಳಗೆ ಬಂದು, ಎಸಿ ಗಾಳಿ ಕುಡಿದುಕೊಂಡು ನಮ್ಮ ಜೊತೆಗೇ ಸಂಸಾರ ಮಾಡುತ್ತವೆ. ಸ್ವಲ್ಪ ದಿನಕ್ಕೆ ಒಂದು ಎಲೆ ಹಳದಿಯಾಗುತ್ತದೆ, ಇನ್ನೊಂದು ಸುರುಟಿಕೊಳ್ಳುತ್ತದೆ. ಆಗ ಫೋಟೊ ನನಗೆ ಬರುತ್ತದೆ. ಲುಸೈಲ್‌ನ ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗಲೂ ಮೇಜಿನ ಕೆಳಗೆ ಫೋನ್ ಹಿಡಿದು ಉತ್ತರ ಕೊಡುತ್ತಿದ್ದೆ. ಆ ಮೀಟಿಂಗುಗಳಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಯಾರು ಏನು ಕಳಿಸಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಹಳೇ ಎಲೆಯೋ, ಹೊಸ ಎಲೆಯೋ? ಕೆಳಗಿನ ಹಳೇ ಎಲೆಗಳು ಒಂದೇ ಸಮನೆ ಹಳದಿಯಾಗಿ ಉದುರುತ್ತಿದ್ದರೆ ಗಿಡಕ್ಕೆ ಸಾರಜನಕ ಸಾಲದಾಗಿದೆ, ಒಂದಿಷ್ಟು ಗೊಬ್ಬರ ಹಾಕಿದರೆ ಚೇತರಿಸಿಕೊಳ್ಳುತ್ತದೆ. ತುದಿಯ ಹೊಸ ಎಲೆಯಲ್ಲಿ ನರ ಮಾತ್ರ ಹಸಿರಾಗಿದ್ದು ಉಳಿದದ್ದು ಹಳದಿಯಾದರೆ ಕಬ್ಬಿಣದ ಕೊರತೆ. ಎಲೆಯ ಅಂಚು ಸುಟ್ಟಂತಾದರೆ ಗೊಬ್ಬರ ಜಾಸ್ತಿಯಾಗಿದೆ, ಇಲ್ಲವೇ ಮಣ್ಣಿನಲ್ಲಿ ಉಪ್ಪು ಕೂತಿದೆ. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ ನೀವು ಪ್ರೀತಿ ಹೆಚ್ಚಾಗಿ ನೀರು ಸುರಿದಿದ್ದೀರಿ, ಸ್ವಲ್ಪ ದಿನ ಸುಮ್ಮನಿರಿ. ಬಿಳಿ ಚುಕ್ಕಿ ಕಂಡರೆ ಎಲೆ ತಿರುಗಿಸಿ ನೋಡಿ, ಹಿಂದುಗಡೆ ನುಸಿ ಸೇರಿಕೊಂಡಿರುತ್ತದೆ. ಸರಿಯಾಗಿ ನೋಡದೆ ಬಾಯಿಗೆ ಬಂದದ್ದು ಹೇಳಬೇಡಿ ಎಂದು ಹೊಸಬರನ್ನು ಗದರುತ್ತಲೂ ಇದ್ದೆ.

ಈ ವಿದ್ಯೆ ನನಗೆ ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಸುಳ್ಳು ಹೇಳಬೇಕಾಗುತ್ತಿತ್ತು. ಕೋಣೆಯೊಳಗೆ ದೀಪ ಹಾಕಿ ಬೆಳೆಸುವ ಗಿಡದ ಎಲೆರೋಗಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ತಾಳ್ಮೆಯಿಂದ, ಹೊಸಬರಿಗೂ ಅರ್ಥವಾಗುವ ಹಾಗೆ ಬರೆದಿರುವವರು ಗಾಂಜಾ ಬೆಳೆಯುವವರೇ. ಕಾನೂನು ಒಪ್ಪುವ ದೇಶಗಳಲ್ಲಿ ಕೂತು ಒಂದೊಂದು ರೋಗಕ್ಕೂ ಒಂದೊಂದು ಫೋಟೊ ಹಾಕಿರುತ್ತಾರೆ. ಆ ಬೆರಳು ಬೆರಳಾದ ಎಲೆಗಳನ್ನು ನೋಡಿ ನೋಡಿಯೇ ನಾನು ಕರಿಬೇವಿನ ಕಾಯಿಲೆ ಕಲಿತದ್ದು. ಪ್ರತಿ ಸಲ ಓದಿ ಮುಗಿಸಿದ ಮೇಲೆ ಹಿಸ್ಟರಿ ಅಳಿಸುತ್ತಿದ್ದೆ. ಬರೀ ಓದಿದ್ದಕ್ಕೆ ಇಲ್ಲಿ ಏನಾದರೂ ಆಗುತ್ತದೆಯೋ ಇಲ್ಲವೋ ಗೊತ್ತಿರಲಿಲ್ಲ, ಯಾರನ್ನಾದರೂ ಕೇಳುವ ಧೈರ್ಯವೂ ಇರಲಿಲ್ಲ. ಆ ಗಿಡವನ್ನು ಇಟ್ಟುಕೊಂಡವರಿಗೆ ಏನಾಗುತ್ತದೆ ಎಂಬುದು ಮಾತ್ರ ಇಲ್ಲಿ ಎಲ್ಲರಿಗೂ ಗೊತ್ತು. ಕೆಲಸ, ವೀಸಾ, ಮಗಳ ಸ್ಕೂಲು ಎಲ್ಲಾ ಒಂದೇ ಏಟಿಗೆ ಖಲಾಸ್, ಅದಕ್ಕೂ ಮೊದಲು ಜೈಲು.

ಕಳೆದ ಬೇಸಿಗೆಯಲ್ಲಿ ಗುಂಪಿಗೊಬ್ಬ ಹೊಸಬ ಸೇರಿದ. ರಾಸ್ ಲಫಾನ್‌ನ ಗ್ಯಾಸ್ ಪ್ಲ್ಯಾಂಟಿನಲ್ಲಿ ಶಿಫ್ಟ್ ಮೇಲೆ ಕೆಲಸ, ಊರು ವಿಜಯಪುರದ ಕಡೆ. ನಾನು ಅವನ ಮುಖ ನೋಡಿರಲಿಲ್ಲ. ಒಂದು ಮಧ್ಯಾಹ್ನ ಅವನಿಂದ ಗುಂಪಿಗೆ ಒಂದು ಫೋಟೊ ಬಂತು. ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ದೀಪ, ಅದರ ಕೆಳಗೆ ಸಾಲಾಗಿ ಡಬ್ಬಿಗಳು, ಒಂದು ಕೈ ಎತ್ತಿ ಹಿಡಿದಿದ್ದ ಎಲೆ. ಎಲೆಗೆ ಉದ್ದುದ್ದ ಐದು ಬೆರಳು, ಅಂಚಿನಲ್ಲಿ ಗರಗಸದ ಹಲ್ಲು. ‘ಸರ, ಏನ್ ಆಗೇತಿ ನೋಡ್ರಿ’ ಎಂದು ಕೆಳಗೆ ಬರೆದಿದ್ದ.

ನಾನು ಕದ್ದು ಓದುತ್ತಿದ್ದ ಪುಟವೇ ಎದ್ದು ಗುಂಪಿಗೆ ಬಂದಂತಾಯಿತು. ಹಿಂದೆ ಮುಂದೆ ಯೋಚಿಸದೆ ಬರೆದೆ: ‘ಇದು ಗಾಂಜಾ. ಎಲ್ಲರೂ ಈ ಫೋಟೊ ಈಗಲೇ ಡಿಲೀಟ್ ಮಾಡಿ. ಇಂಥವರಿಗೆ ಈ ಗುಂಪಿನಲ್ಲಿ ಜಾಗವಿಲ್ಲ.’ ಬರೆದು, ಫೋಟೊ ಅಳಿಸಿ, ಅವನನ್ನು ಗುಂಪಿನಿಂದ ತೆಗೆದುಹಾಕಿ, ಅವನ ನಂಬರನ್ನೂ ಬ್ಲಾಕ್ ಮಾಡಿದೆ. ಜನ ಕೈಮುಗಿಯುವ ಚಿಹ್ನೆ ಕಳಿಸಿದರು. ಸಕಾಲದಲ್ಲಿ ಎಚ್ಚರಿಸಿದಿರಿ ಎಂದರು. ಸಂಜೆ ಐನ್ ಖಾಲಿದ್‌ನ ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳುವಾಗ ನನ್ನ ದನಿಯಲ್ಲಿ ಜಂಬವಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಕುಕ್ಕರಿನ ಮುಚ್ಚಳ ತೆಗೆಯುತ್ತಾ ಕೇಳಿದಳು, “ರೀ, ನೀವು ಎಲೆ ನೋಡಿದ್ರೋ, ಬರೀ ಆಕಾರ ನೋಡಿದ್ರೋ?”

“ನಿಂಗೇನೂ ಗೊತ್ತಾಗಲ್ಲ, ಸುಮ್ನಿರು” ಎಂದೆ.

ವಾರ ಕಳೆದ ಮೇಲೆ ಬೇರೆ ಯಾವುದೋ ನಂಬರಿನಿಂದ ಫೋನ್ ಬಂತು. ಅವನೇ. ಬೈಯುತ್ತಾನೆಂದು ಸಿದ್ಧನಾದೆ. ಅವನು ಬೈಯಲಿಲ್ಲ.

“ಸರ, ಅದು ಪುಂಡಿ ಐತ್ರಿ. ಪುಂಡಿಪಲ್ಲೆ ಮಾಡ್ತೀವಲ್ರಿ, ಅದು. ನಮ್ಮವ್ವ ಬರೂಮುಂದ ಊರಿಂದ ಬೀಜ ತಂದಿದ್ಲ್ರಿ.”

ಪುಂಡಿ ಎಂಬ ಹೆಸರು ಕೇಳಿದ್ದೆ. ಜೋಳದ ರೊಟ್ಟಿಯ ಜೊತೆ ಆ ಹುಳಿ ಪಲ್ಯವನ್ನು ಬೆಂಗಳೂರಿನ ಯಾವುದೋ ಖಾನಾವಳಿಯಲ್ಲಿ ತಿಂದೂ ಇದ್ದೆ. ಬೆಂದ ಮೇಲೆ ಎಲ್ಲ ಸೊಪ್ಪೂ ಒಂದೇ. ಗಿಡದಲ್ಲಿ ಅದರ ಎಲೆ ಹೇಗಿರುತ್ತದೆಂದು ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ನೋಡಿರಲಿಲ್ಲ. ಗಿಡ ಎಳೆಯದಿರುವಾಗ ಎಲೆ ದುಂಡಗಿದ್ದು, ಬೆಳೆದಂತೆ ಬೆರಳು ಒಡೆಯುತ್ತದಂತೆ. ಇದನ್ನೆಲ್ಲ ಫೋನಿನಲ್ಲಿ ಅವನೇ ವಿವರಿಸಿದ, ತಪ್ಪು ಅವನದೇ ಎನ್ನುವ ಹಾಗೆ.

“ಈಗ ಗಿಡ ಹೇಗಿದೆ?” ಎಂದೆ.

“ಎಲ್ಲಾ ಕಿತ್ತ ಒಗದೀನ್ರಿ ಸರ. ಯಾರರ ಫೋಟೋ ಮುಂದ ಕಳ್ಸಿ, ಯಾರರ ಬಂದ್ ಬಾಗಿಲಾ ಬಡದ್ರ ಏನ್ ಮಾಡ್ಲ್ರಿ? ಪುಂಡಿ ಅಂದ್ರ ಅವ್ರಿಗೆ ತಿಳೀತದೇನ್ರಿ? ಸಣ್ಣಗ ಹೆಚ್ಚಿ ಸಂಡಾಸಿನ್ಯಾಗ ಹಾಕಿ ನೀರ ಬಿಟ್ಟೀನಿ.” ಆಮೇಲೆ ಕೇಳಿದ, “ಗ್ರೂಪಿನ್ಯಾಗ ಒಂದ್ ಮಾತು ಹಾಕ್ತೀರೇನ್ರಿ? ನಮ್ ಪ್ಲ್ಯಾಂಟಿನವರು ಅದಾರ ಅದ್ರಾಗ. ಈಗ ನನ್ನ ಜೋಡಿ ಯಾರೂ ಊಟಕ್ಕ ಕೂಡಂಗಿಲ್ಲ.”

ಖಂಡಿತ ಹಾಕುತ್ತೇನೆ ಎಂದೆ. ಹಾಕಿದ್ದೇನು? ‘ಹಿಂದಿನ ವಿಷಯದಲ್ಲಿದ್ದ ಗೊಂದಲ ಬಗೆಹರಿದಿದೆ. ಎಲ್ಲರಿಗೂ ಧನ್ಯವಾದ.’ ಇದನ್ನು ಬರೆಯಲು ಇಡೀ ಸಂಜೆ ಹಿಡಿಯಿತು. ‘ನಾನು’ ಎಂಬ ಪದವನ್ನು ಎಷ್ಟೋ ಸಲ ಬರೆದು ಅಳಿಸಿದೆ. ಎಲೆ ಡಾಕ್ಟರಿಗೆ ಪುಂಡಿ ಸೊಪ್ಪು ಗೊತ್ತಿಲ್ಲ ಎಂದು ಜನ ನಗುತ್ತಾರೆಂಬ ಭಯ ನನಗೆ. ಅತ್ತ ಒಬ್ಬ ಮನುಷ್ಯ ಒಂಟಿಯಾಗಿ ಕೂತು ಊಟ ಮಾಡುತ್ತಿದ್ದ. ಯಾವ ಗೊಂದಲ ಎಂದು ಗುಂಪಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ನನಗೆ ನೆಮ್ಮದಿಯಿರಲಿಲ್ಲ. ನಮ್ಮ ಕರಿಬೇವಿಗೆ ನೀರು ಹಾಕಲು ಹೋದರೆ ಆ ಫೋಟೊದ ಕೈ ನೆನಪಾಗುತ್ತಿತ್ತು. ಅದು ಗಂಡಸಿನ ಕೈಯಾಗಿರಲಿಲ್ಲ, ಹಸಿರು ಬಳೆಗಳಿದ್ದವು ಎಂಬುದು ಆಗ ಹೊಳೆಯಿತು. ಕೊನೆಗೆ ಹೆಂಡತಿಯೇ, “ಗೊಣಗ್ತಾ ಕೂರೋ ಬದಲು ಹೋಗಿ ಬನ್ನಿ” ಎಂದು ತಳ್ಳಿದಳು. ಒಂದು ಶುಕ್ರವಾರ ಅಂಗಡಿಯಿಂದ ಆಂಧ್ರದವರ ಗೊಂಗೂರದ ಕಟ್ಟು ತೆಗೆದುಕೊಂಡು, ಅವನಿಂದಲೇ ವಿಳಾಸ ಕೇಳಿಕೊಂಡು ಅಲ್ ಖೋರ್‌ನಲ್ಲಿದ್ದ ಅವನ ಮನೆಗೆ ಹೋದೆ. ಪುಂಡಿಗೆ ಅದೇ ಹತ್ತಿರದ ಸೊಪ್ಪು ಎಂದು ಅಂಗಡಿಯವನು ಹೇಳಿದ್ದ.

ಬಾಗಿಲು ತೆಗೆದದ್ದು ಅವನ ತಾಯಿ. ಕೈಯಲ್ಲಿ ಅವೇ ಹಸಿರು ಬಳೆಗಳು. “ಗಿಡದ ಡಾಕ್ಟರ್ ಸಾಹೇಬ್ರೇನ್ರಿ? ಬರ್ರಿ, ಒಳಗ ಬರ್ರಿ” ಎಂದರು. ನಡೆದದ್ದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ಮಗ ಅವರಿಗೆ ಹೇಳಿರಲಿಲ್ಲ. ಈ ದೇಶದಲ್ಲಿ ಈ ಸೊಪ್ಪು ಬೆಳೆಯುವಂತಿಲ್ಲ ಎಂದಷ್ಟೇ ಹೇಳಿದ್ದನಂತೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹೊರಗೆ ಬೆಂಕಿಯಂಥ ಬಿಸಿಲು, ಕೆಳಗಿಳಿದರೆ ಭಾಷೆ ಬಾರದು. ಇಡೀ ದಿನ ಆ ಡಬ್ಬಿಗಳೇ ಅವರಿಗೆ ಜೊತೆ. ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಡಬ್ಬಿಗಳನ್ನು ತೊಳೆದು ಬೋರಲು ಹಾಕಿದ್ದರು. ಮುಂದಿನ ತಿಂಗಳವರೆಗೂ ಇರುವ ಯೋಚನೆಯಿದ್ದವರು, ಈಗ ಬರುವ ವಾರವೇ ಊರಿಗೆ ಹೊರಟಿದ್ದರು. “ಇಲ್ಲಿ ಕುಂತು ಏನ್ ಮಾಡ್ಲ್ರಿ” ಎಂದರು.

ಮಗ ಬಂದು ಎದುರಿಗೆ ಕೂತ. ಗುಂಪಿನಲ್ಲಿ ಏನು ಹಾಕಿದಿರಿ ಎಂದು ಕೇಳಲಿಲ್ಲ, ಅದು ಅವನಿಗಾಗಲೇ ಗೊತ್ತಿತ್ತು. ನಾನು ಫೋನ್ ತೆಗೆದು ಅಲ್ಲೇ ಬರೆದೆ: ‘ಆ ದಿನದ ಫೋಟೊದಲ್ಲಿದ್ದದ್ದು ಪುಂಡಿ ಸೊಪ್ಪು. ಗುರುತು ಹಿಡಿಯಲಾಗದೆ ಒಬ್ಬ ಮರ್ಯಾದಸ್ಥರ ಮೇಲೆ ಅಪವಾದ ಹೊರಿಸಿದವನು ನಾನು. ಅವರಲ್ಲಿ ಎಲ್ಲರೆದುರು ಕ್ಷಮೆ ಕೇಳುತ್ತಿದ್ದೇನೆ.’ ಅವನಿಗೆ ತೋರಿಸಿದೆ. ಓದಿ ತಲೆಯಾಡಿಸಿದ. ಕಳಿಸಿದೆ, ಅವನನ್ನು ಮತ್ತೆ ಗುಂಪಿಗೆ ಸೇರಿಸಿದೆ. ಎದೆ ಸ್ವಲ್ಪ ಹಗುರವಾಯಿತು. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ತಾಯಿ ರೊಟ್ಟಿಯ ತಟ್ಟೆ ತಂದು ನನ್ನ ಮುಂದಿಟ್ಟು, ಪಕ್ಕದಲ್ಲೇ ಕೂತರು.

“ಸಾಹೇಬ್ರ, ಒಂದ್ ಮಾತ್ ಕೇಳೂದಿತ್ತು. ಇವ ಅವತ್ತ ನಿಮಗ ಫೋಟೋ ಕಳಿಸಿದ್ನಲ್ರಿ, ಗಿಡಕ್ಕ ಏನ್ ಆಗಿತ್ತಂತ ಹೇಳ್ಲೇ ಇಲ್ಲ ಇವ.”

ನನಗೆ ಎಲೆಯ ಬಣ್ಣವೇ ನೆನಪಾಗಲಿಲ್ಲ. ಅವರು ನನ್ನನ್ನು ಕೇಳಿದ್ದು ಅದೊಂದೇ ಪ್ರಶ್ನೆ, ಅದನ್ನು ನಾನು ನೋಡಿಯೇ ಇರಲಿಲ್ಲ. ಅಭ್ಯಾಸಬಲದಿಂದ ಕೇಳಿದೆ, “ಹಳೇ ಎಲೆಯೋ ಅಮ್ಮ, ಹೊಸ ಎಲೆಯೋ?”

“ಹಳೇವ್ರಿ. ತೆಳಗಿನ ಎಲಿ ಒಂದೊಂದ ಹಳದಿ ಆಗಿ ಉದುರತಿದ್ವು. ಮ್ಯಾಲಿನವು ಚೊಲೋ ಇದ್ವು.”

ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ ಅದು.

“ಗೊಬ್ಬರ ಸಾಲದಾಗಿತ್ತು ಅಮ್ಮ. ಒಂದಿಷ್ಟು ಹಾಕಿದ್ದರೆ ಸಾಕಿತ್ತು.”

“ಅಷ್ಟನ?” ಎಂದು ಅವರು ಬೋರಲು ಹಾಕಿದ್ದ ಡಬ್ಬಿಗಳ ಕಡೆ ನೋಡಿದರು. “ಹಂಗಾರ ಬದುಕತಿತ್ತಲ್ರಿ ಅದು.”

ಮಗ ತಲೆ ತಗ್ಗಿಸಿದ. ತಗ್ಗಿಸಬೇಕಾದವನು ನಾನು.

“ಬದುಕ್ತಿತ್ತು ಅಮ್ಮ” ಎಂದೆ.